ಮಾಳಿಗೆಯ ಸಂಧಿಗಳು

ಮಳೆಯ ನೀರು ಮಾಳಿಗೆಯ ನಟ್ಟನಡುವೆ ಒಳಗಿಳಿಯುವುದು ವಿರಳ. ಹರನಾಳಿಗೆಯು ಕುಂಬಿಯನ್ನು ಹಾಯ್ದು ಹೊರಬರುವ ಎಡೆ, ಬೆಳಕಿಂಡಿಯ ಅಂಚು, ಈಚೆಗೆ ಟಿ.ವಿ. ಡಿಶ್ಶಿಗಾಗಿ ನೆಟ್ಟ ಕಬ್ಬಿಣದ ಕಾಲು, ಹೀಗೆ ಎರಡು ಭಿನ್ನ ಪದಾರ್ಥಗಳು ಕೂಡುವ ಸ್ಥಳಗಳೇ ಅದಕ್ಕೆ ಬಾಗಿಲು. ವ್ಯಾಕರಣದಲ್ಲಿ ಸಂಧಿಯೆಂದರೆ ಕೂಡುವಿಕೆ. ಲೋಪವು ಸಂಭವಿಸುವುದೂ ಅಲ್ಲಿಯೇ. ಮನೆಯ ಮಾತೂ ಹಾಗೆಯೇ.

ಹುನಗುಂದ ಸೀಮೆಯ ರಾಮಥಾಳದ ಕಡೆಗೆ ಮಣ್ಣಿನ ಮೇಲ್ಮುದ್ದೆಯ ಮನೆಗಳು ಹಿಂದಿನಿಂದಲೂ ಬಂದವು. ಒಂದು ವರ್ಷ ನಾವು, ಗೌಂಡಿಯು ಬೇಡವೆಂದರೂ ಕೇಳದೆ, ಹರನಾಳಿಗೆಯ ಸುತ್ತಲಿನ ಬಿರುಕಿಗೆ ಸಿಮೆಂಟು ಮೆತ್ತಿಸಿದೆವು. ನೋಡುವುದಕ್ಕೆ ಅಂದವಾಗಿತ್ತು. ಆದರೆ ಮಣ್ಣು ನೆನೆದಾಗ ಉಬ್ಬುವುದು, ಒಣಗಿದಾಗ ಕುಗ್ಗುವುದು. ಸಿಮೆಂಟು ಅದರೊಡನೆ ಬಾಗಲಾರದು. ಕೂದಲೆಳೆಯಷ್ಟು ಸೀಳು ಬಿಟ್ಟಿತು. ಅದರಲ್ಲಿ ಹೊಕ್ಕ ನೀರು ಮೇಲಿನ ಗಟ್ಟಿ ಪದರದ ದೆಸೆಯಿಂದ ಆರಲೂ ಇಲ್ಲ. ಹಸ್ತಾ ಮಳೆಯ ಒಂದು ಇರುಳು ಗೋಡೆಯನ್ನು ಮುಟ್ಟಿದರೆ ಬೆರಳು ಒಳಗಿಳಿಯಿತು. ಅದೇ ಗೋಡೆಯ ಮಗ್ಗುಲಲ್ಲಿ ಮೊಮ್ಮಗುವಿನ ತೊಟ್ಟಿಲಿತ್ತು. ಕೂಡಲೆ ಅದನ್ನು ಪಡಸಾಲೆಗೆ ಒಯ್ದೆವು. ಬೆಳಗಿನ ಜಾವಕ್ಕೆ ಗೋಡೆ ಕುಸಿಯಿತು.

2009ರ ಸೆಪ್ಟೆಂಬರ್ ಕಡೆಯಲ್ಲಿಯೂ ಅಕ್ಟೋಬರ್ ಮೊದಲಲ್ಲಿಯೂ ಬಾಗಲಕೋಟೆ ಜಿಲ್ಲೆಯೂ ಸೇರಿದಂತೆ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಗೆ ಅಸಂಖ್ಯ ಮಣ್ಣಿನ ಮನೆಗಳು ಬಿದ್ದುದನ್ನು ವಾಚಕರು ಮರೆತಿರಲಾರರು. ಅತಿವೃಷ್ಟಿಯನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಬಿರುಕನ್ನು ಮುಚ್ಚುವುದು ಉಂಟು.

ಅದಕ್ಕೆ ಮೊದಲು ಬಿರುಕನ್ನು ಕಂಡುಹಿಡಿಯತಕ್ಕದ್ದು. ಒಣದಿನದಲ್ಲಿ ಒಬ್ಬರು ಮಾಳಿಗೆಯನ್ನೇರಿ ಸಂಧಿಯ ತಗ್ಗಿನ ಕಡೆಯಿಂದ ಮೊದಲುಮಾಡಿ ಚೆಂಬಿನಿಂದ ಮೆಲ್ಲಗೆ ನೀರು ಬಿಡಬೇಕು. ಇನ್ನೊಬ್ಬರು ದೀಪ ಹಿಡಿದು ಕೆಳಗೆ ಜಂತಿಗಳನ್ನು ನೋಡುತ್ತಿರಬೇಕು. ಒಂದೆಡೆ ಕಾಲು ಗಂಟೆ ಕಾಯದೆ ಮುಂದಕ್ಕೆ ಹೋಗಕೂಡದು. ನೀರು ಹೊಕ್ಕ ಎಡೆಯೊಂದು, ತೊಟ್ಟಿಕ್ಕುವ ಎಡೆ ಮತ್ತೊಂದು ಆಗಿರುವುದುಂಟು.

ಬಳಿಕ ಹಳೆಯ ಸಡಿಲು ಮಣ್ಣನ್ನು ಪೂರ್ತಿಯಾಗಿ ಕೆರೆದು ತೆಗೆಯಬೇಕು. ಧೂಳಿನ ಮೇಲೆ ಮೆತ್ತಿದುದು ನಿಲ್ಲದು. ಅಂಚನ್ನು ತುಸು ನೆನೆಸಿ, ಜರಡಿ ಹಿಡಿದ ಹಾಳುಮಣ್ಣಿಗೆ ಹೊಟ್ಟು ಕಲಸಿ ತುಂಬಿ, ಅರೆ ಒಣಗಿದಾಗ ಮತ್ತೊಮ್ಮೆ ಬಡಿಯಬೇಕು. ಬೆಳಕಿಂಡಿಯ ಸುತ್ತ ಕಟ್ಟೆ ಎತ್ತರವಾಗಿರಲಿ. ಹರನಾಳಿಗೆಯ ತುದಿ ಗೋಡೆಯಿಂದ ಮೊಳದಷ್ಟು ಮುಂಚಾಚಿರಲಿ.

ಸಿಮೆಂಟಿನ ಮಾಳಿಗೆಯುಳ್ಳವರು ಕಬ್ಬಿಣದ ಕಾಲುಗಳ ಸುತ್ತ ರಬ್ಬರಿನಂತೆ ಬಾಗುವ ಅಂಟನ್ನು ಹಚ್ಚಬೇಕು. ತಗಡಿನ ಮನೆಯಲ್ಲಿ ಮೊಳೆಯನ್ನು ನೀರು ಹರಿಯುವ ತಗ್ಗಿನಲ್ಲಿ ಹೊಡೆಯದೆ ಉಬ್ಬಿನ ಮೇಲೆಯೇ ಹೊಡೆದು, ತಲೆಯ ಕೆಳಗೆ ರಬ್ಬರಿನ ಬಿಲ್ಲೆಯನ್ನಿಡಬೇಕು.

ಈ ಕೆಲಸಕ್ಕೆ ಒಂದು ದಿನ ಸಾಕು. ಅದನ್ನು ಮುಂಗಾರಿಗೆ ಮೊದಲು ಒಮ್ಮೆ, ಹಿಂಗಾರಿಗೆ ಮೊದಲು ಇನ್ನೊಮ್ಮೆ ಮಾಡತಕ್ಕದ್ದು. ಗೌಂಡಿಯು ಬೇಡವೆಂದುದನ್ನು ಮಾತ್ರ ಮಾಡಿಸಬೇಡಿರಿ. ಜೀವಮಾನವೆಲ್ಲ ಸಂಧಿಯ ಪಾಠ ಹೇಳಿದ ನಮಗೆ ಅದರ ಅರ್ಥ ತಿಳಿದುದು ಆ ಇರುಳು.