ಪಥ್ಯವೋ ಶಸ್ತ್ರಚಿಕಿತ್ಸೆಯೋ?



ದಕ್ಷಿಣ ಕೊಡಗಿನಲ್ಲಿ ನಾಗರಹೊಳೆಯ ಕಾಡಿಗೆ ಹೊಂದಿಕೊಂಡಂತಿರುವ ಬಾಳೆಲೆ ನಮ್ಮ ತಂಗಿಯನ್ನು ಕೊಟ್ಟ ಊರು. ಹಿಂದೆ ವಿರಾಜಪೇಟೆ ತಾಲ್ಲೂಕಿನಲ್ಲಿದ್ದ ಈ ಹೋಬಳಿ ಈಗ ಪೊನ್ನಂಪೇಟೆ ತಾಲ್ಲೂಕಿಗೆ ಸೇರಿದೆ. ಕಳೆದ ವರ್ಷ ಕಾಫಿ ಕೊಯ್ಲಿನ ದಿನಗಳಲ್ಲಿ ನಾವು ಅಲ್ಲಿಗೆ ಹೋಗಿದ್ದೆವು. ಕಣದ ತುಂಬ ಕಾಫಿ ಹರಡಿತ್ತು. ಜಗುಲಿಯಲ್ಲಿ ಕುಳಿತು ನಮ್ಮೊಡನೆ ಮಾತನಾಡುತ್ತಿದ್ದಂತೆಯೇ ತಂಗಿ ನಿದ್ರೆಗೆ ಜಾರಿದಳು. ಹಗಲು ಹನ್ನೊಂದು ಗಂಟೆಯ ಹೊತ್ತು. ರಾತ್ರಿ ಗೊರಕೆಯ ನಡುವೆ ಆಕೆಯ ಉಸಿರು ಕೆಲಕ್ಷಣ ನಿಂತೇ ಹೋಗುತ್ತದೆಂದೂ, ಆಗ ತಾವು ಎದ್ದು ಕುಳಿತು ಕಾಯುವುದುಂಟೆಂದೂ ಭಾವನವರು ತಗ್ಗಿದ ದನಿಯಲ್ಲಿ ಹೇಳಿದರು.

ಆಕೆಗೆ 44 ವರ್ಷ. ಎತ್ತರ 158 ಸೆಂಟಿಮೀಟರ್, ಅಂದಿನ ತೂಕ 96 ಕಿಲೋ. ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯಿದ್ದು ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಳು. ಮೈಸೂರಿನ ವೈದ್ಯರೊಬ್ಬರು ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಮಾತನ್ನು ಎತ್ತಿದ್ದರು. ಮನೆಯಲ್ಲಿ ಅದೇ ಚರ್ಚೆ. ದೇವರು ಕೊಟ್ಟ ಹೊಟ್ಟೆಯನ್ನು ಕತ್ತರಿಸುವುದೇ ಎಂದು ಅತ್ತೆಯವರು ಕಣ್ಣೀರಿಟ್ಟರು. ಭಾವನವರಿಗೆ ಧೈರ್ಯ ಸಾಲದು. ಕೇಳಿದವರೂ ಕೇಳದವರೂ ಉಪದೇಶ ಕೊಡುವವರೇ. ನಾವೂ ಕೊಟ್ಟೆವು: "ಅಷ್ಟೆಲ್ಲ ಏಕೆ? ಸ್ವಲ್ಪ ಬಾಯಿ ಕಟ್ಟಿದರೆ ಸಾಕಲ್ಲ!"

ತಂಗಿ ನಮ್ಮನ್ನು ನೋಡಿ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ. "ಅಣ್ಣಾ, ಹದಿನೆಂಟು ವರ್ಷದಿಂದ ಬಾಯಿ ಕಟ್ಟುತ್ತಲೇ ಇದ್ದೇನೆ. ನೀವು ಬಂದ ದಿನದ ಊಟವನ್ನು ಮಾತ್ರ ನೀವು ನೋಡುತ್ತೀರಿ." ಮೂರು ಸಲ ಎಂಟು ಹತ್ತು ಕಿಲೋ ಇಳಿಸಿದ್ದಳಂತೆ, ಮೂರು ಸಲವೂ ಅದು ಬಡ್ಡಿಸಮೇತ ಹಿಂದಿರುಗಿತ್ತು. ನಮಗೆ ನಾಚಿಕೆಯಾಯಿತು. ಊರಿಗೆ ಮರಳಿದ ಮೇಲೆ ಬಲ್ಲ ವೈದ್ಯರನ್ನು ಕೇಳಿ, ಓದಿ, ತಿಳಿದುಕೊಂಡೆವು. ಈ ಸಂಚಿಕೆಯಲ್ಲಿ ಅದನ್ನೇ ನಿಮ್ಮ ಮುಂದಿಡುತ್ತಿದ್ದೇವೆ. ಏಕೆಂದರೆ ಈ ಪ್ರಶ್ನೆ ಇಂದು ಒಂದು ಮನೆಯದಲ್ಲ.

ಮೊದಲು ಲೆಕ್ಕ. ತೂಕವನ್ನು ಕಿಲೋದಲ್ಲಿಯೂ ಎತ್ತರವನ್ನು ಮೀಟರಿನಲ್ಲಿಯೂ ತೆಗೆದುಕೊಂಡು, ತೂಕವನ್ನು ಎತ್ತರದಿಂದ ಎರಡು ಬಾರಿ ಭಾಗಿಸಿದರೆ ದೇಹತೂಕ ಸೂಚ್ಯಂಕ ದೊರೆಯುತ್ತದೆ. ತಂಗಿಯ ಸೂಚ್ಯಂಕ 38.5. ಭಾರತೀಯರಲ್ಲಿ ಬೊಜ್ಜು ಹೊಟ್ಟೆಯ ಸುತ್ತ ಬೇಗ ಸೇರುತ್ತದೆ, ಸಕ್ಕರೆ ಕಾಯಿಲೆಯೂ ಕಡಿಮೆ ತೂಕದಲ್ಲಿಯೇ ಬರುತ್ತದೆ. ಆದುದರಿಂದ ನಮಗೆ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಸ್ಥೂಲಕಾಯವೆಂದು ನಮ್ಮ ದೇಶದ ತಜ್ಞರು ನಿಗದಿಪಡಿಸಿದ್ದಾರೆ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು. ಶಸ್ತ್ರಚಿಕಿತ್ಸೆಗೆ 1991ರಲ್ಲಿ ಅಮೆರಿಕದ ತಜ್ಞರು ವಿಧಿಸಿದ ಮಿತಿ 40. ಜೊತೆಗೆ ಗಂಭೀರ ಕಾಯಿಲೆಯಿದ್ದರೆ 35. 2022ರಲ್ಲಿ ಅಂತರರಾಷ್ಟ್ರೀಯ ಶಸ್ತ್ರವೈದ್ಯ ಸಂಘಗಳು ಈ ಮಿತಿಯನ್ನು 35ಕ್ಕೆ ಇಳಿಸಿ, ಏಷ್ಯಾದವರಿಗೆ ಇನ್ನೂ ತಗ್ಗಿಸಿ 27.5 ಎಂದವು. ಸಂಖ್ಯೆ ಹೀಗೆ ಬದಲಾಗುತ್ತಿರುವಾಗ ಅದೊಂದನ್ನೇ ನೋಡಿ ನಿರ್ಧರಿಸುವಂತಿಲ್ಲ. ಜೊತೆಯಲ್ಲಿ ಯಾವ ಕಾಯಿಲೆಯಿದೆ, ಅದು ಎಷ್ಟು ಬೆಳೆದಿದೆ ಎಂಬುದೇ ಮುಖ್ಯ.

ಇನ್ನು ಪಥ್ಯದ ಮಾತು. ಆಹಾರ ಮತ್ತು ವ್ಯಾಯಾಮಗಳಿಂದ ಸಾಮಾನ್ಯವಾಗಿ ನೂರಕ್ಕೆ 5ರಿಂದ 10 ಪಾಲು ತೂಕ ಇಳಿಯುತ್ತದೆ. ಇದು ಅಲ್ಪವೆಂದು ತಿಳಿಯಬಾರದು. ಅಷ್ಟಕ್ಕೇ ರಕ್ತದೊತ್ತಡವೂ ಸಕ್ಕರೆಯೂ ಇಳಿಮುಖವಾಗುತ್ತವೆ. 2017ರಲ್ಲಿ ಬ್ರಿಟನ್ನಿನ ರಾಯ್ ಟೇಲರ್ ಮತ್ತು ಮೈಕ್ ಲೀನ್ ಅವರ ತಂಡ ಪ್ರಕಟಿಸಿದ ಅಧ್ಯಯನದಲ್ಲಿ, ವೈದ್ಯರ ಮೇಲ್ವಿಚಾರಣೆಯಲ್ಲಿ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಕಟ್ಟುನಿಟ್ಟಿನ ಆಹಾರದಲ್ಲಿದ್ದವರ ಪೈಕಿ ನೂರಕ್ಕೆ 46 ಮಂದಿ ಒಂದು ವರ್ಷದ ಕೊನೆಗೆ ಔಷಧಿಯಿಲ್ಲದೆ ಸಕ್ಕರೆಯನ್ನು ಹತೋಟಿಯಲ್ಲಿಟ್ಟುಕೊಂಡಿದ್ದರು. ಆದರೆ ಅವರೆಲ್ಲರೂ ಕಾಯಿಲೆ ಬಂದು ಆರು ವರ್ಷ ಮೀರದವರು, ಇನ್ಸುಲಿನ್ ಹಿಡಿಯದವರು. ನಮ್ಮ ತಂಗಿಯ ಕಾಯಿಲೆ ಆ ಎರಡು ಗಡಿಗಳನ್ನೂ ದಾಟಿತ್ತು.

ಇಳಿದ ತೂಕ ಏಕೆ ಮರಳುತ್ತದೆ? ಮನೋಬಲದ ಕೊರತೆಯೆಂದೇ ನಾವೆಲ್ಲ ನಂಬಿದ್ದೆವು. 2011ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಐವತ್ತು ಮಂದಿಯನ್ನು ಹತ್ತು ವಾರ ಪಥ್ಯದಲ್ಲಿರಿಸಿ ಪರೀಕ್ಷಿಸಿದರು. ತೂಕ ಇಳಿದು ಒಂದು ವರ್ಷವಾದ ಮೇಲೂ ಅವರ ರಕ್ತದಲ್ಲಿ ಹಸಿವನ್ನು ಕೆರಳಿಸುವ ರಸಗಳು ಮೊದಲಿಗಿಂತ ಹೆಚ್ಚಾಗಿಯೇ ಇದ್ದವು. ದೇಹವು ತಾನು ಕಳೆದುಕೊಂಡದ್ದನ್ನು ಸಾಲವೆಂದೇ ಬರೆದಿಟ್ಟುಕೊಂಡಿರುತ್ತದೆ. ಹೀಗಿರುವಾಗ ತೂಕ ಮರಳಿದವರನ್ನು ಸೋಮಾರಿಗಳೆಂದು ಹಳಿಯುವುದು ಅಜ್ಞಾನ. ನಾವು ಮಾಡಿದ್ದೂ ಅದನ್ನೇ.

ಶಸ್ತ್ರಚಿಕಿತ್ಸೆಯ ವಿಷಯಕ್ಕೆ ಬರೋಣ. 1966ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಅವರು ಜಠರದ ದಾರಿಯನ್ನೇ ಕಿರಿದುಗೊಳಿಸಿ ಕರುಳಿಗೆ ಜೋಡಿಸುವ ವಿಧಾನವನ್ನು ಆರಂಭಿಸಿದರು. ಇದೇ ಬೈಪಾಸ್. ಈಗ ಹೆಚ್ಚು ಬಳಕೆಯಲ್ಲಿರುವುದು ಸ್ಲೀವ್ ವಿಧಾನ. ಇದರಲ್ಲಿ ಜಠರದ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚನ್ನು ತೆಗೆದು, ಉಳಿದದ್ದನ್ನು ಬಾಳೆಕಾಯಿಯಂತಹ ನಳಿಕೆಯಾಗಿ ಮಾಡುತ್ತಾರೆ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಗುರುತಿಸಿದ ಗ್ರೆಲಿನ್ ಎಂಬ ಹಸಿವಿನ ರಸ ಬಹುಪಾಲು ಆ ತೆಗೆದ ಭಾಗದಲ್ಲಿಯೇ ಹುಟ್ಟುವುದರಿಂದ ಹಸಿವೂ ತಗ್ಗುತ್ತದೆ. ಒಂದೆರಡು ವರ್ಷಗಳಲ್ಲಿ ದೇಹತೂಕದ ನಾಲ್ಕನೆಯ ಒಂದು ಪಾಲು, ಕೆಲವರಲ್ಲಿ ಇನ್ನೂ ಹೆಚ್ಚು ಇಳಿಯುತ್ತದೆ. ಸ್ವೀಡನ್ನಿನಲ್ಲಿ 1987ರಿಂದ ಸುಮಾರು ನಾಲ್ಕು ಸಾವಿರ ಮಂದಿಯನ್ನು ಗಮನಿಸುತ್ತ ಬಂದ ಅಧ್ಯಯನವು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಸಾವಿನ ಪ್ರಮಾಣ ಕಡಿಮೆಯೆಂದು 2007ರಲ್ಲಿ ತೋರಿಸಿಕೊಟ್ಟಿತು.

ಅದೇ ಅಧ್ಯಯನ ಹೇಳಿದ ಇನ್ನೊಂದು ಮಾತನ್ನು ಜಾಹೀರಾತುಗಳು ಹೇಳುವುದಿಲ್ಲ. ಸಕ್ಕರೆ ಕಾಯಿಲೆಯಿದ್ದವರಲ್ಲಿ ಎರಡು ವರ್ಷಗಳ ಕೊನೆಗೆ ನೂರಕ್ಕೆ 72 ಮಂದಿ ಅದರಿಂದ ಬಿಡುಗಡೆ ಹೊಂದಿದ್ದರೆ, ಹತ್ತು ವರ್ಷಗಳ ಕೊನೆಗೆ ಹಾಗೆ ಉಳಿದವರು 36 ಮಾತ್ರ. ಎಂದರೆ ಶಸ್ತ್ರಚಿಕಿತ್ಸೆಯೂ ಪಥ್ಯವನ್ನು ಬಿಟ್ಟು ನಿಲ್ಲದು. ಹೊಲಿಗೆಯಲ್ಲಿ ಸೋರಿಕೆ, ರಕ್ತಸ್ರಾವ, ಪಿತ್ತಕೋಶದ ಕಲ್ಲು ಇವೆಲ್ಲ ಬರಬಹುದಾದ ತೊಂದರೆಗಳು. ನುರಿತ ಕೇಂದ್ರಗಳಲ್ಲಿ ಪ್ರಾಣಾಪಾಯ ಸಾವಿರದಲ್ಲಿ ಒಂದೆರಡಕ್ಕೆ ಇಳಿದಿದೆಯಾದರೂ ಅದು ಸೊನ್ನೆಯಲ್ಲ.

ಇಲ್ಲಿ ಒಂದು ಎಚ್ಚರಿಕೆ. 2022ರ ಮೇ ತಿಂಗಳಲ್ಲಿ ಕನ್ನಡ ಕಿರುತೆರೆಯ ನಟಿ ಚೇತನಾ ರಾಜ್ ಅವರು ಬೆಂಗಳೂರಿನಲ್ಲಿ ಕೊಬ್ಬು ತೆಗೆಯುವ ಚಿಕಿತ್ಸೆಗೆ ಒಳಗಾಗಿ ತೀರಿಕೊಂಡರು. ಅವರಿಗಿನ್ನೂ 21 ವರ್ಷ. ಆ ಸುದ್ದಿಯನ್ನು ಓದಿದ ಅನೇಕರು ಎಲ್ಲ ಶಸ್ತ್ರಚಿಕಿತ್ಸೆಯೂ ಒಂದೇ ಎಂದು ಬಗೆದರು. ತಂಗಿಯ ಅತ್ತೆಯವರ ಭಯವೂ ಅಲ್ಲಿಂದಲೇ ಬಂದದ್ದು. ಚರ್ಮದಡಿಯ ಕೊಬ್ಬನ್ನು ತೆಗೆಯುವುದು ಅಂದಕ್ಕಾಗಿ ಮಾಡುವ ಕೆಲಸ. ಅದು ಸ್ಥೂಲಕಾಯಕ್ಕೆ ಚಿಕಿತ್ಸೆಯಲ್ಲ, ಸಕ್ಕರೆ ಕಾಯಿಲೆಯನ್ನು ತಗ್ಗಿಸುವುದೂ ಇಲ್ಲ. ಎರಡರ ಉದ್ದೇಶವೂ ಬೇರೆ, ವಿಧಾನವೂ ಬೇರೆ. ಯಾವುದನ್ನು, ಯಾರು, ಎಲ್ಲಿ, ಯಾವ ತುರ್ತು ಸೌಕರ್ಯದೊಡನೆ ಮಾಡುತ್ತಾರೆಂದು ವಿಚಾರಿಸದೆ ಮುಂದುವರಿಯಬಾರದು. ಚುಚ್ಚುಮದ್ದಿನ ಮೂರನೆಯ ದಾರಿಯೂ ಈಗ ತೆರೆದಿದೆ. ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದಿತು. ಫಲವುಂಟು, ಆದರೆ ಇಂತಹ ಔಷಧಿಗಳನ್ನು ನಿಲ್ಲಿಸಿದರೆ ಇಳಿದ ತೂಕದ ಬಹುಪಾಲು ಮರಳುತ್ತದೆ.

ಸಸ್ಯಾಹಾರಿಗಳಾದ ನಮ್ಮ ಮನೆಗಳವರು ಮರೆಯಬಾರದ ಸಂಗತಿಯೊಂದಿದೆ. ಬಿ12 ಜೀವಸತ್ತ್ವ ಸಹಜವಾಗಿ ಬೇಳೆಕಾಳುಗಳಲ್ಲಿಲ್ಲ, ಸೊಪ್ಪಿನಲ್ಲಿಲ್ಲ. ನಮಗೆ ದೊರೆಯುವುದು ಹಾಲು ಮೊಸರಿನಿಂದ ಮಾತ್ರ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ನುಂಗುವವರಲ್ಲಿ ಅದು ಇನ್ನೂ ತಗ್ಗುತ್ತದೆ. ಜಠರ ಕಿರಿದಾದ ಮೇಲಂತೂ ಬಿ12, ಕಬ್ಬಿಣ, ಸುಣ್ಣ, ಡಿ ಜೀವಸತ್ತ್ವಗಳನ್ನು ಮಾತ್ರೆ ಅಥವಾ ಚುಚ್ಚುಮದ್ದಿನ ರೂಪದಲ್ಲಿ ಬದುಕಿರುವವರೆಗೂ ತೆಗೆದುಕೊಳ್ಳಬೇಕು. ನಿರ್ಲಕ್ಷಿಸಿದರೆ ಕೈಕಾಲು ಜೋಮು ಹಿಡಿದು ನರಗಳೇ ಕೆಡಬಹುದು. ದಿನಕ್ಕೆ ಸುಮಾರು 60 ಗ್ರಾಂ ಪ್ರೋಟೀನ್ ಬೇಕು. ಒಂದು ಬಟ್ಟಲು ತೊವ್ವೆಯಲ್ಲಿ ಆರೇಳು ಗ್ರಾಂ, ಒಂದು ಲೋಟ ಹಾಲಿನಲ್ಲಿಯೂ ಅಷ್ಟೇ. ಎರಡು ಮೂರು ತುತ್ತಿಗೇ ತುಂಬುವ ಹೊಟ್ಟೆಗೆ ಇದನ್ನು ಒದಗಿಸುವುದೆಂದರೆ ಅಡುಗೆಮನೆಯೇ ಬದಲಾಗಬೇಕು: ಮೊದಲು ಕಾಳು, ಮೊಸರು, ಪನೀರು, ಸೋಯಾ, ಆಮೇಲೆ ತರಕಾರಿ, ಕೊನೆಗೆ ಅನ್ನ, ಅಕ್ಕಿರೊಟ್ಟಿ. ಬೆಲ್ಲದ ಕಾಫಿಗೆ ವಿದಾಯ.

ಬಾಳೆಲೆಯಂತಹ ಊರಿನ ಕಷ್ಟಗಳೂ ಲೆಕ್ಕಕ್ಕೆ ಬರಬೇಕು. ನಸುಕಿನಲ್ಲಿ ನಡೆಯಿರಿ ಎನ್ನುತ್ತಾರೆ ಪಟ್ಟಣದ ವೈದ್ಯರು. ಇಲ್ಲಿ ನಸುಕಿನಲ್ಲಿ ತೋಟದ ದಾರಿಯಲ್ಲಿ ಕಾಡಾನೆ ಎದುರಾಗುತ್ತದೆ, ಹುಲಿಯ ಭಯವೂ ಉಂಟು. ರಕ್ತಪರೀಕ್ಷೆಗೂ ತಪಾಸಣೆಗೂ ಗೋಣಿಕೊಪ್ಪಲಿಗೆ ಹೋಗಿ, ಅಲ್ಲಿಂದ ಹುಣಸೂರಿನ ಮಾರ್ಗವಾಗಿ ಮೈಸೂರು ಸೇರಬೇಕು. ಆಷಾಢದ ಮಳೆಯಲ್ಲಿ ಲಕ್ಷ್ಮಣತೀರ್ಥ ಉಕ್ಕಿದರೆ ದಾರಿಯೇ ಕಡಿದುಹೋಗುವುದುಂಟು. ಶಸ್ತ್ರಚಿಕಿತ್ಸೆಯ ದಿನ ಜೊತೆಗೆ ಹತ್ತು ಮಂದಿ ಬರುತ್ತಾರೆ. ಐದನೆಯ ವರ್ಷದ ತಪಾಸಣೆಗೆ ಯಾರು ಬರುತ್ತಾರೆ? ನಾವು ಆ ಮನೆಯವರ ಮುಂದಿಟ್ಟ ಪ್ರಶ್ನೆ ಇದೊಂದೇ.

ಊಟದ ಪಂಕ್ತಿಯ ಬಗ್ಗೆಯೂ ಒಂದು ಮಾತು. ಪ್ರಸಾದವನ್ನು ಚೆಲ್ಲಬಾರದೆಂಬುದು ನಮ್ಮ ಹಿರಿಯರು ಕಲಿಸಿದ ಉತ್ತಮ ಸಂಸ್ಕಾರ. ಆದರೆ ಬೇಡವೆಂದವರ ಎಡೆಗೆ ಬಲವಂತವಾಗಿ ಬಡಿಸುವುದು ಯಾವ ಸಂಸ್ಕಾರ? ಪಾತ್ರೆಯ ತಳದಲ್ಲಿ ಉಳಿದುದನ್ನೆಲ್ಲ ಕೊನೆಯಲ್ಲಿ ಉಣ್ಣುವ ಹೆಣ್ಣುಮಗಳೇ ಮುಗಿಸಬೇಕೆನ್ನುವುದು ಯಾವ ನ್ಯಾಯ? ನಮ್ಮ ತಂಗಿ ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ಹಾಗೆ ಉಂಡವಳು. ಅನ್ನ ಹಾಳಾಗಬಾರದೆಂದರೆ ಅಳೆದು ಅಟ್ಟು ಕೇಳಿ ಬಡಿಸಬೇಕು. ಒಬ್ಬಳ ಹೊಟ್ಟೆಯನ್ನು ಉಗ್ರಾಣ ಮಾಡಬಾರದು.

ಇದೇ ವೇಳೆ ಪಕ್ಕದ ತೋಟದ ಬಂಧುಗಳ ಮಗನೊಬ್ಬ ನಮ್ಮನ್ನು ಕಂಡ. ಪ್ರಾಯ 28, ಎತ್ತರ 172 ಸೆಂಟಿಮೀಟರ್, ತೂಕ 90 ಕಿಲೋ. ಸೂಚ್ಯಂಕ 30ರ ಆಸುಪಾಸು. ಸಕ್ಕರೆಯಿಲ್ಲ, ರಕ್ತದೊತ್ತಡವಿಲ್ಲ. ಹೆಣ್ಣು ನೋಡಲು ಹೋಗುವ ಮೊದಲು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ಹೇಗೆ ಎಂದು ಕೇಳಿದ. ಒಮ್ಮೆಯೂ ನಿಯಮದಿಂದ ಪಥ್ಯ ಹಿಡಿದವನಲ್ಲ. ಕಾಯಿಲೆಯ ಭಾರವಿಲ್ಲದಾಗ, ಮದುವೆಯ ಆತುರಕ್ಕೆ, ಬಾಳಿನುದ್ದಕ್ಕೂ ಮರಳಿ ಬಾರದ ಅಂಗವನ್ನು ಏಕೆ ಒತ್ತೆಯಿಡುವೆ ಎಂದೆವು. ವೈದ್ಯರೂ ಅದನ್ನೇ ಹೇಳಿದರು. ಈಗ ಆತ ರಾತ್ರಿಯ ಊಟವನ್ನು ಬೇಗ ಮುಗಿಸಿ, ಸಂಜೆ ಕಣದಲ್ಲಿ ನೂರು ಸುತ್ತು ಹಾಕುತ್ತಿದ್ದಾನೆ. ಆರು ಕಿಲೋ ಇಳಿದಿದ್ದಾನೆ.

ತಂಗಿಯ ಕಥೆ ಬೇರೆ. ಆಕೆ ವೈದ್ಯರ ಸೂಚನೆಯಂತೆ ಆರು ತಿಂಗಳು ಪಥ್ಯದಲ್ಲಿದ್ದಳು. ಈ ಬಾರಿ ಒಬ್ಬಳೇ ಅಲ್ಲ, ಮನೆಯೆಲ್ಲ ಅದೇ ಅಡುಗೆಯನ್ನು ಉಂಡರು. ತೂಕ 89 ಕಿಲೋಗೆ ಬಂದಿತು, ವೈದ್ಯರು ಇನ್ಸುಲಿನ್ ಪ್ರಮಾಣವನ್ನು ತಗ್ಗಿಸಿದರು. ಆದರೂ ನಿದ್ರೆಯಲ್ಲಿ ಉಸಿರು ನಿಲ್ಲುವುದು ತಪ್ಪಲಿಲ್ಲ. ಸೂಚ್ಯಂಕ 35ರ ಕೆಳಗೆ ಇಳಿಯಲಿಲ್ಲ. ಆಕೆ ಶಸ್ತ್ರಚಿಕಿತ್ಸೆಯನ್ನೇ ಆರಿಸಿಕೊಂಡಳು. ಲಕ್ಷಾಂತರ ರೂಪಾಯಿಯ ವೆಚ್ಚವೆಂದು ಭಾವನವರು ವಿಮಾ ಪತ್ರವನ್ನು ಮೊದಲೇ ಓದಿಸಿದರು. ಸೂಚ್ಯಂಕ 40, ಇಲ್ಲವೇ ತೀವ್ರ ನಿದ್ರಾ ಉಸಿರುಗಟ್ಟುವಿಕೆ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಮುಂತಾದವುಗಳೊಡನೆ 35 ಇದ್ದು, ಇತರ ಪ್ರಯತ್ನಗಳು ವಿಫಲವಾಗಿದ್ದರೆ ವಿಮೆ ಅನ್ವಯಿಸಬಹುದೆಂದು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಲ್ಲಿದೆ. ಅಂದದ ಚಿಕಿತ್ಸೆಗೆ ಅದು ಸಲ್ಲದು.

ಈ ಸಲದ ಕೊಯ್ಲು ಮುಗಿದು ಕಾಫಿ ಮಾರಿದ ಮೇಲೆ, ಮಳೆಗಿಂತ ಮೊದಲು ಎಂದು ನಿಶ್ಚಯವಾಗಿದೆ. ಅತ್ತೆಯವರು ಈಗ ಅಳುವುದಿಲ್ಲ. ಸೊಸೆಗೆಂದು ಹೆಸರುಕಾಳಿನ ತಿಳಿಸಾರನ್ನು ಕಲಿತಿದ್ದಾರೆ. ಗೋಡೆಯ ಪಂಚಾಂಗದ ಪಕ್ಕದಲ್ಲಿ ಐದು ವರ್ಷಗಳ ತಪಾಸಣೆಯ ಪಟ್ಟಿಯನ್ನು ತೂಗುಹಾಕಿ, ಯಾವ ತಿಂಗಳು ಯಾರು ಜೊತೆಗೆ ಹೋಗುವುದೆಂದು ಬರೆದಿದ್ದಾರೆ. ಎರಡನೆಯ ವರ್ಷದ ಜ್ಯೇಷ್ಠಮಾಸದ ಮುಂದೆ ನಮ್ಮ ಹೆಸರಿದೆ. ಅದನ್ನು ಬರೆದವಳು ತಂಗಿಯೇ.

ಬಂಧುಗಳೇ, ಪಥ್ಯ ಹಿಡಿದವರು ಧೀರರು, ಶಸ್ತ್ರಚಿಕಿತ್ಸೆಗೆ ಹೋದವರು ಹೇಡಿಗಳು ಎಂಬ ಮಾತನ್ನು ನಮ್ಮ ಮನೆಗಳಿಂದ ತೊಲಗಿಸೋಣ. ಎರಡೂ ಚಿಕಿತ್ಸೆಗಳೇ. ಕಾಯಿಲೆಯ ಭಾರವನ್ನು ನೋಡಿ, ಹಿಂದಿನ ಪ್ರಯತ್ನಗಳನ್ನು ನೋಡಿ, ವೈದ್ಯರೊಡನೆ ಕುಳಿತು ಆರಿಸಬೇಕಾದವು. ಯಾವುದನ್ನು ಆರಿಸಿದರೂ ಪಥ್ಯ ತಪ್ಪದು, ಮನೆಯವರ ಹೊಣೆಯೂ ತಪ್ಪದು. ನಿಮ್ಮ ಮನೆಯಲ್ಲಿ ಅಂತಹವರಿದ್ದರೆ ಬಾಯಿ ಕಟ್ಟೆಂದು ಹೇಳುವ ಮೊದಲು, ಕೊನೆಯಲ್ಲಿ ಉಣ್ಣುವವರು ಯಾರೆಂದು ನೋಡಿ. ಮುಂದಿನ ತಪಾಸಣೆಗೆ ಜೊತೆಯಲ್ಲಿ ಹೊರಡಿ.