ವಿಮಾನದ ಬಾಲಕ್ಕೆ ತಗುಲಿದ ಪೆಟ್ಟು

ಜನರು ಸತ್ತರೆ ಮಾತ್ರ ಅಪಘಾತ, ಸಾಯದಿದ್ದರೆ ಅದು ಲೆಕ್ಕಕ್ಕೆ ಬಾರದ ಸಂಗತಿ, ಎಂಬ ಭಾವನೆಯು ನಮ್ಮ ದೇಶದಲ್ಲಿ ಬೇರೂರಿದಂತಿದೆ. 2023ನೆಯ ಇಸವಿಯ ಫೆಬ್ರವರಿ 24ರಂದು ಕಲ್ಲಿಕೋಟೆಯಿಂದ ಸೌದಿ ಅರೇಬಿಯದ ದಮ್ಮಾಮಿಗೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು, ನೆಲವನ್ನು ಬಿಟ್ಟೇಳುವ ಗಳಿಗೆಯಲ್ಲಿಯೇ ತನ್ನ ಬಾಲವನ್ನು ರನ್‌ವೇಗೆ ತಗುಲಿಸಿಕೊಂಡಿತು. ಅದನ್ನು ತಿರುವನಂತಪುರಕ್ಕೆ ತಿರುಗಿಸಿ ಸುರಕ್ಷಿತವಾಗಿ ಇಳಿಸಿದರು. ಯಾರ ಕೂದಲೂ ಕೊಂಕಲಿಲ್ಲ. ಅದೇ ವರ್ಷ ಆರು ತಿಂಗಳ ಅವಧಿಯೊಳಗೆ ಇಂಡಿಗೋ ಸಂಸ್ಥೆಯ ಎ-321 ಜಾತಿಯ ವಿಮಾನಗಳಿಗೆ ನಾಲ್ಕು ಸಲ ಇಂತಹ ಪೆಟ್ಟು ತಗುಲಿತು. ಅವುಗಳಲ್ಲಿ ಒಂದು, ಜೂನ್ 15ರಂದು ನಮ್ಮ ಬೆಂಗಳೂರಿನಿಂದ ಹೊರಟು ಅಹಮದಾಬಾದಿನಲ್ಲಿ ಇಳಿಯುತ್ತಿದ್ದಾಗ ಆದುದು. ಎರಡು ದಿನ ಪತ್ರಿಕೆಗಳಲ್ಲಿ ಸುದ್ದಿ ಬಂದಿತು; ಮೂರನೆಯ ದಿನ ಎಲ್ಲರೂ ಮರೆತರು. ಹೀಗೆ ಮರೆಯುವುದು ತರವಲ್ಲವೆಂದು ಹೇಳುವುದೇ ಈ ಲೇಖನದ ಉದ್ದೇಶ.

ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ನಡುವೆ ಹಗರಿಯ ದಂಡೆಯಲ್ಲಿ ಹತ್ತಿಯನ್ನೂ ಮೆಣಸಿನಕಾಯಿಯನ್ನೂ ಬೆಳೆಯುವ ಮೋಕದ ರೈತನಿಗೆ ವಿಮಾನದ ಬಾಲದ ಗೊಡವೆಯೇಕೆ ಎಂದು ಕೆಲವರು ಕೇಳಬಹುದು. ಅಂತಹವರಿಗೆ ನಾವು ಒಂದು ಹಳೆಯ ಸಂಗತಿಯನ್ನು ಜ್ಞಾಪಿಸುತ್ತೇವೆ. 1932ನೆಯ ಇಸವಿಯ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಅಂಚೆಯನ್ನು ಹೊತ್ತು ವಿಮಾನ ಹಾರಿಸಿದಾಗ, ಆ ಅಂಚೆಯನ್ನು ಮುಂಬಯಿಯಿಂದ ಮದರಾಸಿಗೆ ಮುಟ್ಟಿಸಿದವರು ಅವರ ಸಹೋದ್ಯೋಗಿ ನೆವಿಲ್ ವಿನ್ಸೆಂಟರು. ಅವರು ಹೋದುದು ಬಳ್ಳಾರಿಯ ಮಾರ್ಗವಾಗಿ. ಭಾರತೀಯರ ಸ್ವಂತ ವಿಮಾನ ಸಾರಿಗೆಯ ಮೊತ್ತಮೊದಲ ಪಯಣದಲ್ಲಿಯೇ ನಮ್ಮ ಊರಿಗೆ ಸ್ಥಾನ ದೊರೆತಿತ್ತೆಂಬುದು ಅಭಿಮಾನದ ಮಾತಲ್ಲವೆ? ಮುಂದೆ 2017ರಲ್ಲಿ ಉಡಾನ್ ಯೋಜನೆಯಡಿ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣಕ್ಕೆ ಹೈದರಾಬಾದಿನಿಂದ ಪ್ರಯಾಣಿಕರ ವಿಮಾನಗಳು ಬಂದವು. ಚಾಗನೂರು, ಸಿರಿವಾರಗಳ ಭೂಮಿಯಲ್ಲಿ ನಿಲ್ದಾಣ ಕಟ್ಟುವ ಪ್ರಸ್ತಾಪವೆದ್ದು, ನೀರಾವರಿಯ ನೆಲ ಹೋಗುವುದೆಂದು ರೈತರು ಚಳವಳಿ ಹೂಡಿದುದನ್ನು ಜಿಲ್ಲೆಯ ಜನತೆಯು ಮರೆತಿಲ್ಲ. ವಿಮಾನಕ್ಕಾಗಿ ನೆಲವನ್ನು ಕೇಳಿಸಿಕೊಂಡ ಜನಕ್ಕೆ, ಆ ವಿಮಾನವು ಕ್ಷೇಮವಾಗಿ ನೆಲ ಬಿಡುವುದೋ ಇಲ್ಲವೋ ಎಂದು ಕೇಳುವ ಹಕ್ಕು ಇಲ್ಲದೆ ಇರಲಾರದು.

ಟಾಟಾ ಅವರು ಹಾರಿಸಿದ ಪುಸ್ ಮಾತ್ ಎಂಬ ಪುಟ್ಟ ವಿಮಾನದ ಬಾಲವು ನೆಲದ ಮೇಲೆ ಊರಿಕೊಂಡೇ ಇರುತ್ತಿತ್ತು. ಅದಕ್ಕೆಂದೇ ಬಾಲದ ಕೆಳಗೆ ಒಂದು ಊರುಗೋಲು ಇತ್ತು. ಈಗಿನ ಹೆಬ್ಬಿಮಾನಗಳ ಮಾತು ಬೇರೆ. ಇವುಗಳ ಮುಖ್ಯ ಗಾಲಿಗಳು ನಡುವಿನಲ್ಲಿವೆ. ಚಾಲಕನು ಮೂತಿಯನ್ನೆತ್ತಿದಾಗ ವಿಮಾನವು ಆ ಗಾಲಿಗಳ ಮೇಲೆ ತಿರುಗಿ, ಬಾಲವು ಕೆಳಗೆ ಬಾಗುತ್ತದೆ. ಒಡಲು ಉದ್ದವಾದಷ್ಟೂ ಬಾಲಕ್ಕೂ ನೆಲಕ್ಕೂ ನಡುವಣ ಅಂತರವು ಕಿರಿದಾಗುತ್ತದೆ. ಎ-321 ವಿಮಾನವು ಸುಮಾರು 44.5 ಮೀಟರು ಉದ್ದವಿದ್ದು, ತನ್ನ ಒಡಹುಟ್ಟಾದ ಎ-320ಕ್ಕಿಂತ ಸುಮಾರು 7 ಮೀಟರು ಹೆಚ್ಚು ನೀಳವಾಗಿದೆ. ಗಿಡ್ಡ ವಿಮಾನದಲ್ಲಿ ಪಳಗಿದ ಕೈ ಅದೇ ಅಳತೆಯಲ್ಲಿ ನೀಳ ವಿಮಾನದ ಮೂತಿಯನ್ನೆತ್ತಿದರೆ ಬಾಲವು ಸವೆದೀತು. ಬೇಗ ಎತ್ತಿದರೂ, ಹೆಚ್ಚು ಎತ್ತಿದರೂ, ಸಾಕಷ್ಟು ವೇಗ ಬರುವ ಮೊದಲೇ ಎತ್ತಿದರೂ ಪರಿಣಾಮ ಒಂದೇ.

ಭಾರದ ಮಾತೂ ಇದೆ. ಹತ್ತಿಯ ಅಂಡಿಗೆಗಳನ್ನು ಬಂಡಿಯ ಹಿಂಬದಿಗೇ ಹೇರಿದರೆ ನೊಗವು ಎತ್ತುಗಳ ಹೆಗಲನ್ನು ಬಿಟ್ಟೇಳುವುದೆಂಬುದನ್ನು ಮೋಕದ ಹುಡುಗನಿಗೆ ಯಾರೂ ಕಲಿಸಬೇಕಾಗಿಲ್ಲ. ವಿಮಾನದಲ್ಲಿಯೂ ಅದೇ ನ್ಯಾಯ. ಎಷ್ಟು ಭಾರ, ಎಲ್ಲಿ ಭಾರ, ಎಂಬ ಲೆಕ್ಕದ ಮೇಲೆಯೇ ಎಷ್ಟು ವೇಗದಲ್ಲಿ ಮೂತಿಯನ್ನೆತ್ತಬೇಕೆಂಬುದು ನಿರ್ಣಯವಾಗುತ್ತದೆ. 2009ನೆಯ ಇಸವಿಯ ಮಾರ್ಚ್ 20ರಂದು ಮೆಲ್ಬೋರ್ನಿನಿಂದ ದುಬೈಗೆ ಹೊರಟ ಎಮಿರೇಟ್ಸ್ ಸಂಸ್ಥೆಯ ವಿಮಾನದಲ್ಲಿ, 362.9 ಟನ್ನುಗಳೆಂದು ನಮೂದಿಸಬೇಕಾದಲ್ಲಿ 262.9 ಎಂದು ನಮೂದಾಯಿತು. ಒಂದೇ ಒಂದು ಅಂಕೆ ತಪ್ಪಿತು; ನೂರು ಟನ್ನು ಲೆಕ್ಕದಿಂದ ಮಾಯವಾಯಿತು. ವಿಮಾನವು ರನ್‌ವೇಯ ಕೊನೆಯವರೆಗೂ ಬಾಲವನ್ನು ಎಳೆದುಕೊಂಡು ಹೋಗಿ, ಆಚೆಯ ದೀಪವನ್ನೂ ಉಪಕರಣಗಳನ್ನೂ ಬಡಿದು, ಹೇಗೋ ಮೇಲೆದ್ದಿತು. ಅದರಲ್ಲಿದ್ದ 275 ಮಂದಿ ಬದುಕಿದರು. 2003ರಲ್ಲಿ ಆಕ್ಲೆಂಡಿನಲ್ಲಿ ಸಿಂಗಾಪುರ ಏರ್‌ಲೈನ್ಸಿನ ವಿಮಾನಕ್ಕೂ ಇಂಥದೇ ನೂರು ಟನ್ನಿನ ತಪ್ಪಿನಿಂದ ಬಾಲಕ್ಕೆ ಪೆಟ್ಟಾಗಿತ್ತು. ಒಬ್ಬರು ಬರೆದುದನ್ನು ಇನ್ನೊಬ್ಬರು ನಿಜವಾಗಿ ತಾಳೆ ನೋಡದೆ, ನೋಡಿದೆನೆಂದು ತಲೆಯಾಡಿಸುವ ಅಭ್ಯಾಸವು ಆಕಾಶದಲ್ಲಿ ಎಂತಹ ಬೆಲೆ ಕೇಳುವುದೆಂಬುದಕ್ಕೆ ಇವು ಸಾಕ್ಷಿ.

ಯಾರೂ ಸಾಯಲಿಲ್ಲ, ಆದುದರಿಂದ ಚಿಂತೆಯಿಲ್ಲ ಎನ್ನುವವರು ಇನ್ನೆರಡು ಸಂಗತಿಗಳನ್ನು ಮನಸ್ಸಿಗೆ ತಂದುಕೊಳ್ಳಲಿ. 1978ನೆಯ ಜೂನ್ 2ರಂದು ಜಪಾನಿನ ಓಸಾಕದಲ್ಲಿ ಇಳಿಯುವಾಗ ಜಪಾನ್ ಏರ್‌ಲೈನ್ಸಿನ ವಿಮಾನವೊಂದರ ಬಾಲವು ನೆಲಕ್ಕೆ ತಗುಲಿತು. ತಯಾರಿಸಿದ ಬೋಯಿಂಗ್ ಕಂಪನಿಯವರೇ ಬಂದು ದುರಸ್ತಿ ಮಾಡಿದರು; ಆದರೆ ಎರಡು ಸಾಲು ರಿವೆಟ್ಟುಗಳು ಹೊರಬೇಕಾದ ಒತ್ತಡವು ಒಂದೇ ಸಾಲಿನ ಮೇಲೆ ಬೀಳುವಂತೆ ತಗಡನ್ನು ಕೂಡಿಸಿದ್ದರು. ಏಳು ವರ್ಷ ಅದು ಹಾರಿತು. 1985ರ ಆಗಸ್ಟ್ 12ರಂದು ಆ ಗೋಡೆಯು ಒಡೆದು 520 ಜನರು ಮಡಿದರು, ಉಳಿದವರು ನಾಲ್ವರು. ಇನ್ನೊಂದು, 1980ರಲ್ಲಿ ಹಾಂಗ್‌ಕಾಂಗಿನಲ್ಲಿ ಬಾಲ ತಗುಲಿಸಿಕೊಂಡ ಚೈನಾ ಏರ್‌ಲೈನ್ಸಿನ ವಿಮಾನ. ಅದರ ಗೀರುಗಳ ಮೇಲೆ ತಗಡನ್ನು ಹೊದಿಸಿ ಮುಚ್ಚಲಾಯಿತು. ಮುಚ್ಚಿದ ಗೀರು ಒಳಗೊಳಗೇ ಬಿರುಕಾಗಿ ಬೆಳೆದು, 22 ವರ್ಷಗಳ ತರುವಾಯ, 2002ರ ಮೇ 25ರಂದು, ವಿಮಾನವು ನಡು ಆಕಾಶದಲ್ಲಿ ಛಿದ್ರವಾಯಿತು. ಸತ್ತವರು 225 ಮಂದಿ. ಹುಣ್ಣನ್ನು ತೊಳೆಯದೆ ಬಟ್ಟೆ ಕಟ್ಟಿದರೆ ಏನಾಗುವುದೆಂಬುದನ್ನು ನಮ್ಮ ಹಳ್ಳಿಯ ಮುದುಕಿಯರೂ ಬಲ್ಲರು.

ಹಾಗಾದರೆ ಮಾಡಬೇಕಾದುದೇನು? ಅಹಮದಾಬಾದಿನ ಪ್ರಸಂಗದಲ್ಲಿ ವಿಮಾನಯಾನ ಮಹಾನಿರ್ದೇಶನಾಲಯವು ಮುಖ್ಯ ಚಾಲಕನ ಪರವಾನಗಿಯನ್ನು ಮೂರು ತಿಂಗಳೂ, ಸಹಚಾಲಕನದನ್ನು ಒಂದು ತಿಂಗಳೂ ಅಮಾನತಿನಲ್ಲಿರಿಸಿತು. ಅಷ್ಟಕ್ಕೇ ನಿಲ್ಲದೆ, ಸಂಸ್ಥೆಯ ತರಬೇತಿಯ ಮತ್ತು ಯಂತ್ರಪಾಲನೆಯ ಕ್ರಮಗಳನ್ನು ಪರೀಕ್ಷಿಸಿ, ಲೋಪಗಳನ್ನು ಕಂಡು, ಜುಲೈ ತಿಂಗಳಲ್ಲಿ 30 ಲಕ್ಷ ರೂಪಾಯಿಗಳ ದಂಡವನ್ನು ವಿಧಿಸಿ, ಕ್ರಮಗಳನ್ನು ತಿದ್ದಿಕೊಳ್ಳುವಂತೆ ಆಜ್ಞಾಪಿಸಿತು. ಈ ಎರಡನೆಯ ಕಾರ್ಯವನ್ನು ನಾವು ಮನಃಪೂರ್ವಕವಾಗಿ ಮೆಚ್ಚುತ್ತೇವೆ. ಒಂದೇ ತಪ್ಪು ನಾಲ್ಕು ಸಲ ನಡೆದರೆ ಅದು ನಾಲ್ವರು ಚಾಲಕರ ಕೈಯ ದೋಷವೆನ್ನುವುದಕ್ಕಿಂತ, ಕಲಿಸಿದ ಕ್ರಮದ ದೋಷವೆನ್ನುವುದೇ ನ್ಯಾಯ.

ದಂಡನೆಯಿಲ್ಲದಿದ್ದರೆ ಚಾಲಕರು ಉದಾಸೀನರಾಗುವರೆಂಬ ವಾದವನ್ನು ನಾವು ಹಗುರವಾಗಿ ಕಾಣುವುದಿಲ್ಲ. ನೂರಾರು ಜೀವಗಳ ಹೊಣೆ ಹೊತ್ತವನು ಬೇಕೆಂದೇ ನಿಯಮ ಮೀರಿದರೆ ಅವನನ್ನು ಶಿಕ್ಷಿಸಲೇಬೇಕು. ಆದರೆ ಪ್ರಾಮಾಣಿಕವಾಗಿ ದುಡಿಯುತ್ತಿದ್ದವನು ಆಯಾಸದಿಂದಲೋ, ಅವಸರದಿಂದಲೋ, ತರಬೇತಿಯ ಕೊರತೆಯಿಂದಲೋ ಎಡವಿದಾಗ, ತಾನಾಗಿ ಬಂದು ಹೇಳಿದವನಿಗೂ ಅದೇ ಶಿಕ್ಷೆಯಾದರೆ, ನಾಳೆ ಇನ್ನೊಬ್ಬನು ಬಾಯಿ ಬಿಡುವನೆ? ಮೆಲ್ಲಗೆ ತಗುಲಿದ ಪೆಟ್ಟು ಎಷ್ಟೋ ವೇಳೆ ಪ್ರಯಾಣಿಕರಿಗೆ ತಿಳಿಯುವುದೇ ಇಲ್ಲ. ಅದನ್ನು ಬಲ್ಲವರು ಚಾಲಕರು, ಪರಿಚಾರಕರು, ಕೆಳಗೆ ನಿಂತು ತಗಡನ್ನು ನೋಡುವ ಕೆಲಸಗಾರರು. ಇವರು ಅಂಜಿ ಸುಮ್ಮನಾದ ದಿನ, ಹಾಂಗ್‌ಕಾಂಗಿನ ಗೀರು ನಮ್ಮಲ್ಲಿಯೂ ಮುಚ್ಚಿಹೋಗುವುದು. ಆದುದರಿಂದ ಎಡವಿದ್ದಕ್ಕಿಂತ ಅಡಗಿಸಿದ್ದು ಹೆಚ್ಚಿನ ಅಪರಾಧವೆಂದು ಕಾಯಿದೆಯಲ್ಲಿಯೂ ಆಚರಣೆಯಲ್ಲಿಯೂ ಸ್ಪಷ್ಟವಾಗಬೇಕು. ತನಿಖೆಯ ಗುರಿಯು ಮುಂದಣ ಅಪಘಾತವನ್ನು ತಡೆಯುವುದೇ ಹೊರತು ತಪ್ಪು ಹೊರಿಸುವುದಲ್ಲವೆಂಬುದು ಭಾರತವೂ ಒಪ್ಪಿದ ಅಂತಾರಾಷ್ಟ್ರೀಯ ನಿಯಮ. ಒಪ್ಪಿದುದನ್ನು ನಡೆಸಿ ತೋರಿಸುವುದಷ್ಟೇ ಬಾಕಿ.

ಸರಕಾರದವರಿಗೆ ನಮ್ಮ ಬಿನ್ನಹವು ಮೂರು. ಬಾಲದ ಪೆಟ್ಟಿನಂತಹ ಪ್ರತಿಯೊಂದು ಪ್ರಸಂಗದ ತನಿಖಾ ವರದಿಯು ಗೊತ್ತಾದ ಅವಧಿಯೊಳಗೆ ಪ್ರಕಟವಾಗಲಿ. ಅದರ ಸಾರಾಂಶವು ಆಯಾ ಪ್ರಾಂತದ ಭಾಷೆಯಲ್ಲಿ, ನಮಗೆ ಕನ್ನಡದಲ್ಲಿ, ದೊರೆಯಲಿ. ಪೆಟ್ಟು ತಿಂದ ವಿಮಾನದ ದುರಸ್ತಿಯ ಕಾಗದಗಳನ್ನು ವಿಮಾನವು ಹಾರುವಷ್ಟು ಕಾಲವೂ ಕಾದಿಟ್ಟು, ಆ ಭಾಗವನ್ನು ಮತ್ತೆ ಮತ್ತೆ ಪರೀಕ್ಷಿಸಲಿ. ಚಾಲಕರಿಗೆ ಸಾಕಷ್ಟು ವಿಶ್ರಾಂತಿಯೂ, ಭಾರದ ಲೆಕ್ಕವನ್ನು ಇಬ್ಬರು ಬೇರೆ ಬೇರೆಯಾಗಿ ಮಾಡಿ ತಾಳೆ ನೋಡುವಷ್ಟು ಸಮಯವೂ ದೊರೆಯಲಿ. ಗಳಿಗೆ ತಡವಾದುದಕ್ಕೆ ಗದ್ದಲವೆಬ್ಬಿಸುವ ಪ್ರಯಾಣಿಕರೂ ಈ ಅವಸರದಲ್ಲಿ ಪಾಲುಗಾರರೆಂಬುದನ್ನು ಮರೆಯಬಾರದು.

ಊರಿಗೊಂದು ವಿಮಾನನಿಲ್ದಾಣ ಬೇಕೆಂಬ ಆಶೆಯು ಸ್ವತಂತ್ರ ದೇಶಕ್ಕೆ ಭೂಷಣವೇ ಸರಿ. ಆದರೆ ರಾಷ್ಟ್ರದ ಏಳಿಗೆಯನ್ನು ನಿಲ್ದಾಣಗಳ ಎಣಿಕೆಯಿಂದ ಅಳೆಯಲಾಗದು. ಸಣ್ಣ ತಪ್ಪನ್ನು ದೊಡ್ಡ ಬಾಯಿಯಿಂದ ಒಪ್ಪಿ ತಿದ್ದಿಕೊಳ್ಳುವ ಧೈರ್ಯ ಯಾವ ಜನಕ್ಕಿದೆಯೋ, ಆ ಜನದ ವಿಮಾನಗಳು ಮಾತ್ರ ನಿರ್ಭಯವಾಗಿ ಮೇಲೇಳುವುವು.