ನಿನಗ್ಯಾಕೆ ಅದೆಲ್ಲ?

ಹತ್ತನೇ ಕ್ಲಾಸಿನ ಫಲಿತಾಂಶ ಬಂದ ವಾರ ನಮ್ಮ ಮನೆಗಳಲ್ಲಿ ಎರಡು ಮಾತು ಒಟ್ಟೊಟ್ಟಿಗೇ ಕೇಳಿಬರುತ್ತವೆ. ಒಂದು ಹಜಾರದಲ್ಲಿ, ಎಲ್ಲರೆದುರು: ‘ನೀನೇ ಹೇಳು, ಸೈನ್ಸೋ ಕಾಮರ್ಸೋ? ಆಮೇಲೆ ನಮ್ಮನ್ನ ಬೈಬೇಡ.’ ಇನ್ನೊಂದು ಅಡುಗೆಮನೆಯ ಬಾಗಿಲಲ್ಲಿ, ದನಿ ತಗ್ಗಿಸಿ: ‘ನಿನಗ್ಯಾಕೆ ಅದೆಲ್ಲ, ಹೋಗಿ ಓದ್ಕೋ.’ ಮೊದಲನೆಯದು ಹದಿನೈದರ ಮಗುವನ್ನು ದೊಡ್ಡವರ ಸಾಲಿನಲ್ಲಿ ಕೂರಿಸುತ್ತದೆ, ಎರಡನೆಯದು ಅದೇ ಮಗುವನ್ನು ತೊಟ್ಟಿಲಿಗೆ ವಾಪಸು ಕಳಿಸುತ್ತದೆ. ಮುಂದಿನ ನಲವತ್ತು ವರ್ಷ ಏನು ಮಾಡುತ್ತೀ ಎಂದು ಕೇಳುವವರು, ಮುಂದಿನ ತಿಂಗಳು ಈ ಮನೆಯಲ್ಲಿ ಏನಾಗಲಿದೆ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಇಪ್ಪತ್ತಾರು ವರ್ಷ ಪದವಿಪೂರ್ವ ಕಾಲೇಜಿನಲ್ಲಿ ಪಾಠ ಮಾಡಿ ನಾನು ಕಂಡುಕೊಂಡದ್ದು ಇಷ್ಟು: ಹರೆಯದ ಮಕ್ಕಳನ್ನು ಹಣ್ಣು ಮಾಡುವುದು ಓದಿನ ಹೊರೆಗಿಂತ ಹೆಚ್ಚಾಗಿ ಮನೆಯವರ ಮೌನ. ಓದು ಕಷ್ಟವಾದರೆ ಮಗು ಬಾಯಿಬಿಟ್ಟು ಹೇಳಬಹುದು. ಟ್ಯೂಷನ್ ಇದೆ, ಗೆಳೆಯರಿದ್ದಾರೆ. ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಆದರೆ ಅಪ್ಪ ಅಮ್ಮ ಹದಿನೈದು ದಿನದಿಂದ ಒಬ್ಬರಿಗೊಬ್ಬರು ಮಾತಾಡಿಲ್ಲ ಎಂಬುದನ್ನು ಅದು ಯಾರ ಹತ್ತಿರ ಹೇಳಬೇಕು? ಮನೆಯಲ್ಲೇ ಯಾರೂ ಒಪ್ಪಿಕೊಳ್ಳದ ಸಂಗತಿಯನ್ನು ಹೊರಗೆ ಆಡುವ ಧೈರ್ಯ ಮಕ್ಕಳಿಗೆ ಎಲ್ಲಿಂದ ಬರಬೇಕು?

1988ರಲ್ಲಿ ನಮ್ಮ ಮನೆ ಪಾಲಾಯಿತು. ನಾನಾಗ ಹತ್ತನೇ ಕ್ಲಾಸು. ದೊಡ್ಡಪ್ಪನ ಮಗನೂ ಅದೇ ಕ್ಲಾಸು. ಇಬ್ಬರೂ ಒಂದೇ ಬಲ್ಬಿನ ಕೆಳಗೆ, ಒಂದೇ ಚಾಪೆಯ ಮೇಲೆ ಓದುತ್ತಿದ್ದೆವು. ಒಂದು ಮಧ್ಯಾಹ್ನ ಶಾಲೆಯಿಂದ ಬಂದರೆ ಜಗಲಿಯ ಮೇಲೆ ಪಾತ್ರೆಗೆ ಹೆಸರು ಹಾಕುವವನು ಕೂತಿದ್ದ. ಅವನ ಸುತ್ತ ಹಂಡೆ, ಕೊಳಗ, ಪರಾತ, ಚೊಂಬುಗಳ ಎರಡು ಗುಡ್ಡೆ. ಚಿಕ್ಕ ಉಳಿಯ ತಲೆಯ ಮೇಲೆ ಸುತ್ತಿಗೆಯಿಂದ ಟಿಕ್ ಟಿಕ್ ಎಂದು ಕುಟ್ಟುತ್ತ ಒಂದೊಂದೇ ಚುಕ್ಕೆ ಇಟ್ಟು ಅಕ್ಷರ ಮೂಡಿಸುತ್ತಿದ್ದ. ನಾನು ಚಿಕ್ಕವನಿದ್ದಾಗಿನಿಂದ ಹಾಲು ಕುಡಿಯುತ್ತಿದ್ದ ಬೆಳ್ಳಿಯಂಚಿನ ಲೋಟ ದೊಡ್ಡಪ್ಪನ ಗುಡ್ಡೆಯಲ್ಲಿತ್ತು. ಏನಿದು ಎಂದು ಅಮ್ಮನನ್ನು ಕೇಳಿದೆ. ‘ನಿನಗ್ಯಾಕೆ ಅದೆಲ್ಲ’ ಎಂದಳು. ಅವಳ ಕಣ್ಣು ಊದಿತ್ತು.

ಆ ರಾತ್ರಿಯಿಂದ ಎರಡು ಒಲೆ. ದೊಡ್ಡಪ್ಪನ ಮಗ ತನ್ನ ಪುಸ್ತಕದ ಚೀಲ ಎತ್ತಿಕೊಂಡು ಗೋಡೆಯ ಆಚೆಗೆ ಹೋದ. ಯಾರೂ ನಮಗೆ ಏನೂ ಹೇಳಲಿಲ್ಲವಾದ್ದರಿಂದ ಉತ್ತರವನ್ನು ನಾನೇ ಹುಡುಕಿಕೊಂಡೆ. ಅದಕ್ಕೆ ಹದಿನೈದು ದಿನ ಮೊದಲು ಸೈಕಲ್ಲಿಗಾಗಿ ನಾವಿಬ್ಬರೂ ಕೈಕೈ ಮಿಲಾಯಿಸಿದ್ದೆವು. ನಾನು ಅಪ್ಪನಿಗೆ ಚಾಡಿ ಹೇಳಿದ್ದೆ, ಅಂದು ರಾತ್ರಿ ಅಪ್ಪನಿಗೂ ದೊಡ್ಡಪ್ಪನಿಗೂ ಜೋರು ಜೋರು ಮಾತಾಗಿತ್ತು. ಲೆಕ್ಕ ಸರಿಹೋಯಿತು: ಮನೆ ಒಡೆದದ್ದು ನನ್ನಿಂದ. ಇದನ್ನು ನಾನು ಆರು ವರ್ಷ ಯಾರಿಗೂ ಹೇಳದೆ ಹೊತ್ತುಕೊಂಡು ತಿರುಗಿದೆ. ಗಣಿತದ ಪರೀಕ್ಷೆಯಲ್ಲಿ ಕೂತಾಗಲೂ ಆ ಟಿಕ್ ಟಿಕ್ ಕೇಳುತ್ತಿತ್ತು. ತೋಟದ ಮೇಲಿನ ಸಾಲ, ಅದಕ್ಕೆ ಯಾರು ಜಾಮೀನು ಹಾಕಿದ್ದರು ಎಂಬ ಜಗಳ, ಹತ್ತು ವರ್ಷದ ಹಳೆಯ ಮನಸ್ತಾಪ, ಇವೆಲ್ಲ ನನಗೆ ಗೊತ್ತಾದದ್ದು ಪದವಿ ಮುಗಿದ ಮೇಲೆ. ದೊಡ್ಡಪ್ಪನ ಮಗನ ಲೆಕ್ಕದಲ್ಲಿ ಮನೆ ಒಡೆದದ್ದು ಅವನಿಂದ ಎಂಬುದು ಗೊತ್ತಾದದ್ದು ಇನ್ನೂ ತಡವಾಗಿ.

ಮೌನ ಖಾಲಿ ಇರುವುದಿಲ್ಲ, ಮಕ್ಕಳು ಅದನ್ನು ತುಂಬಿಕೊಳ್ಳುತ್ತಾರೆ. ತುಂಬಿಕೊಳ್ಳುವುದು ಬಹುಮಟ್ಟಿಗೆ ತಮ್ಮದೇ ತಪ್ಪಿನಿಂದ. ಒತ್ತಡದ ಬಗ್ಗೆ ಇವತ್ತಿಗೂ ಬಳಕೆಯಲ್ಲಿರುವ ವಿವರಣೆಯೊಂದನ್ನು ರಿಚರ್ಡ್ ಲಜಾರಸ್ ಮತ್ತು ಸೂಸನ್ ಫೋಕ್‌ಮನ್ 1984ರಲ್ಲಿ ಪುಸ್ತಕವಾಗಿ ತಂದರು. ಅದರ ತಿರುಳು ನಮ್ಮ ಅನುಭವಕ್ಕೆ ದೂರದ್ದಲ್ಲ. ಘಟನೆ ತಾನೇ ಒತ್ತಡವಲ್ಲ. ಇದು ನನಗೇನು ಮಾಡೀತು, ಇದಕ್ಕೆ ನಾನೇನು ಮಾಡಬಲ್ಲೆ ಎಂದು ಮನಸ್ಸು ಹಾಕುವ ಎರಡು ಅಂದಾಜಿನಲ್ಲಿ ಒತ್ತಡ ಹುಟ್ಟುತ್ತದೆ. ಬದಲಾಯಿಸಬಹುದಾದದ್ದನ್ನು ಬದಲಾಯಿಸುವುದು ಒಂದು ದಾರಿ, ಬದಲಾಯಿಸಲಾಗದ್ದರ ಎದುರು ಮನಸ್ಸನ್ನು ಸಂಭಾಳಿಸಿಕೊಳ್ಳುವುದು ಇನ್ನೊಂದು. ಯಾವುದಕ್ಕೆ ಯಾವ ದಾರಿ ಎಂದು ತಿಳಿಯಬೇಕಾದರೆ ಮೊದಲು ಸಂಗತಿ ಏನೆಂದು ಗೊತ್ತಿರಬೇಕು. ಗೊತ್ತಿಲ್ಲದ ಹುಡುಗ ತನ್ನ ಕೈಲಾಗದ್ದನ್ನು ಸರಿಮಾಡಲು ಹೆಣಗುತ್ತಾನೆ, ಕೈಲಾಗುವುದನ್ನು ಬಿಟ್ಟುಬಿಡುತ್ತಾನೆ. ನಾನು ಮಾಡಿದ್ದು ಅದನ್ನೇ. ಸೈಕಲ್ಲನ್ನು ಅವನಿಗೇ ಬಿಟ್ಟುಕೊಟ್ಟರೆ ಮನೆ ಕೂಡೀತು ಎಂದುಕೊಂಡು ತಿಂಗಳುಗಟ್ಟಲೆ ಅದನ್ನು ಮುಟ್ಟಲಿಲ್ಲ.

‘ಆ ವಯಸ್ಸೇ ಅಂಥದ್ದು’ ಎಂಬ ಸಮಾಧಾನ ನಮ್ಮಲ್ಲಿ ಬಹಳ ಚಾಲ್ತಿಯಲ್ಲಿದೆ. ಹರೆಯವೆಂದರೆ ಬಿರುಗಾಳಿ ಎಂಬ ಚಿತ್ರವನ್ನು ಅಮೆರಿಕದ ಸ್ಟ್ಯಾನ್ಲಿ ಹಾಲ್ 1904ರಲ್ಲೇ ಎರಡು ಸಂಪುಟಗಳಲ್ಲಿ ಕಟ್ಟಿಕೊಟ್ಟರು. ಅದರಲ್ಲಿ ಸತ್ಯಾಂಶವಿದೆ. ಭಾವನೆಯ ವೇಗ ಮೊದಲು ಬರುತ್ತದೆ, ತಡೆದು ತೂಗುವ ಮಿದುಳಿನ ಮುಂಭಾಗ ಇಪ್ಪತ್ತು ದಾಟಿದ ಮೇಲೂ ಮಾಗುತ್ತಿರುತ್ತದೆ. ದೇಹದ ಗಡಿಯಾರವೂ ಹಿಂದೆ ಸರಿಯುವುದರಿಂದ ರಾತ್ರಿ ಹನ್ನೊಂದಕ್ಕೂ ನಿದ್ದೆ ಬರುವುದಿಲ್ಲ, ಬೆಳಗ್ಗೆ ಐದೂವರೆಯ ಟ್ಯೂಷನ್ನಿಗೆ ಎಬ್ಬಿಸಿದರೆ ಆ ಮಗು ರೇಗುತ್ತದೆ. ಎಂಟು ಗಂಟೆ ನಿದ್ದೆ ಬೇಕಾದವರಿಗೆ ನಾವು ಆರು ಕೊಡುತ್ತಿದ್ದೇವೆ. ಇದೆಲ್ಲ ಒಪ್ಪತಕ್ಕದ್ದೇ. ಆದರೆ ಪ್ರತಿಯೊಂದನ್ನೂ ವಯಸ್ಸಿನ ತಲೆಗೆ ಕಟ್ಟಿದರೆ ಮನೆಯಲ್ಲಿ ನಡೆದದ್ದರ ಬಗ್ಗೆ ಯಾರೂ ಬಾಯಿಬಿಡಬೇಕಾಗಿಲ್ಲ. ಮಗಳು ಊಟ ಬಿಟ್ಟದ್ದು ಹಾರ್ಮೋನಿನಿಂದಲೋ, ನಿನ್ನೆ ರಾತ್ರಿ ಕೇಳಿದ ಮಾತಿನಿಂದಲೋ ಎಂದು ಒಮ್ಮೆ ಕೇಳಿಯಾದರೂ ನೋಡಬೇಕು.

ಅಂಕಿಗಳೂ ಇದೇ ಕಡೆ ಬೆರಳು ತೋರಿಸುತ್ತವೆ. ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ನಮ್ಮ ದೇಶ ಆತ್ಮಹತ್ಯೆಯಿಂದ ಕಳೆದುಕೊಂಡ ವಿದ್ಯಾರ್ಥಿಗಳು 13,044. ಇಂಥ ಸುದ್ದಿ ಬಂದಾಗಲೆಲ್ಲ ನಾವು ಪರೀಕ್ಷೆಯನ್ನು ದೂರುತ್ತೇವೆ, ದೂರಲೇಬೇಕು. ಆದರೆ ಅದೇ ವರದಿಯಲ್ಲಿ ಹದಿನೆಂಟರ ಒಳಗಿನವರ ಸಾವಿಗೆ ನಮೂದಾದ ಕಾರಣಗಳ ಪೈಕಿ ಪರೀಕ್ಷೆಯ ಸೋಲಿಗಿಂತ ‘ಕೌಟುಂಬಿಕ ಸಮಸ್ಯೆ’ಯ ಸಂಖ್ಯೆಯೇ ದೊಡ್ಡದು. ಪೊಲೀಸರ ಕಾಗದದಲ್ಲಿ ಕಾರಣವನ್ನು ಒಂದು ಮಾತಿನಲ್ಲಿ ಬರೆದಿರುತ್ತಾರೆ, ಆ ಒಂದು ಮಾತಿನ ಹಿಂದೆ ಹತ್ತು ಸಂಗತಿ ಇರುತ್ತವೆ. ಇದನ್ನು ಓದುತ್ತಿರುವ ಹುಡುಗನೋ ಹುಡುಗಿಯೋ ಅಂಥ ಯೋಚನೆಯ ಅಂಚಿನಲ್ಲಿದ್ದರೆ 14416ಕ್ಕೆ ಫೋನ್ ಮಾಡಬೇಕು. ಟೆಲಿಮಾನಸ್ ಎಂಬ ಈ ಉಚಿತ ಸೇವೆ 2022ರ ಅಕ್ಟೋಬರಿನಲ್ಲಿ ಶುರುವಾಯಿತು, ಬೆಂಗಳೂರಿನ ನಿಮ್ಹಾನ್ಸ್ ಇದರ ಬೆನ್ನಿಗಿದೆ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಹೊಡೆತ ಬಡಿತವಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ.

ಮಕ್ಕಳಿಗೆ ಮನೆಯ ನಿಜ ಹೇಳಬೇಕೆಂಬ ಮಾತಿಗೆ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ದೊಡ್ಡವರ ಕಷ್ಟವನ್ನು ಮಕ್ಕಳ ಹೆಗಲಿಗೆ ಹಾಕಬಾರದು, ಅವರ ಬಾಲ್ಯ ಅವರಿಗಿರಲಿ ಎನ್ನುವವರು ನನ್ನ ಗೆಳೆಯರಲ್ಲೇ ಇದ್ದಾರೆ. ಅವರು ಹೆದರುವ ಅಪಾಯವನ್ನು ನಾನೂ ಕಣ್ಣಾರೆ ಕಂಡಿದ್ದೇನೆ. ಗಂಡನ ಮೇಲಿನ ಸಿಟ್ಟನ್ನೆಲ್ಲ ಹದಿನಾಲ್ಕರ ಮಗಳ ಮುಂದೆ ತೋಡಿಕೊಳ್ಳುವ ತಾಯಿ, ‘ನಿಮ್ಮಮ್ಮನಿಗೆ ಹೇಳು’ ಎಂದು ಮಗನನ್ನೇ ಅಂಚೆಯವನನ್ನಾಗಿ ಮಾಡಿಕೊಳ್ಳುವ ತಂದೆ. ಇವರು ಮಕ್ಕಳಿಗೆ ಏನನ್ನೂ ತಿಳಿಸುತ್ತಿಲ್ಲ, ತಮ್ಮ ಕಡೆಗೆ ಎಳೆದುಕೊಳ್ಳುತ್ತಿದ್ದಾರೆ. ‘ನಾವು ಬೇರೆ ಬೇರೆ ಇರೋಣ ಅಂದ್ಕೊಂಡಿದ್ದೀವಿ, ಇದು ನಿನ್ನಿಂದ ಅಲ್ಲ, ಜೂನ್‌ವರೆಗೆ ನೀನು ಇದೇ ಮನೆಯಲ್ಲಿ ಇರ್ತೀಯ’ ಎಂದು ತಿಳಿಸುವುದು ಬೇರೆ. ‘ನಿಮ್ಮಪ್ಪ ಏನು ಮಾಡಿದ ಗೊತ್ತಾ’ ಎಂದು ಶುರುಮಾಡುವುದು ಬೇರೆ. ಮೊದಲನೆಯದರಲ್ಲಿ ಮಗುವಿನ ಬದುಕಿಗೆ ಬೇಕಾದ ಸಂಗತಿ ಇದೆ. ಎರಡನೆಯದರಲ್ಲಿ ಹೇಳುವವರ ನೋವಿಗೆ ಬೇಕಾದ ಕಿವಿ ಇದೆ, ಅಷ್ಟೇ. ಆ ಕಿವಿಯನ್ನು ಅಕ್ಕತಂಗಿಯರಲ್ಲೋ ಸ್ನೇಹಿತರಲ್ಲೋ ಆಪ್ತಸಲಹೆಗಾರರಲ್ಲೋ ಹುಡುಕಬೇಕು.

ಬೇರೆಯಾದ ತಂದೆತಾಯಿಯರ ಮಕ್ಕಳು ಹಾಳಾಗಿಯೇ ಹೋಗುತ್ತಾರೆಂಬ ಭಯವೂ ಅತಿಯಾದದ್ದು. ಮೇವಿಸ್ ಹೆದರಿಂಗ್ಟನ್ ಅಮೆರಿಕದ ವರ್ಜೀನಿಯಾದಲ್ಲಿ ದಶಕಗಳ ಕಾಲ ಇಂಥ ಕುಟುಂಬಗಳ ಬೆನ್ನುಹತ್ತಿ 2002ರಲ್ಲಿ ಬರೆದ ಪ್ರಕಾರ, ಅಂಥ ಮನೆಗಳ ಮಕ್ಕಳಲ್ಲಿ ಗಂಭೀರ ತೊಂದರೆಗೆ ಸಿಲುಕಿದವರು ಸುಮಾರು ಶೇ. 25. ಜೊತೆಯಲ್ಲೇ ಇದ್ದ ಮನೆಗಳಲ್ಲಿ ಶೇ. 10. ವ್ಯತ್ಯಾಸ ಸಣ್ಣದಲ್ಲ, ಆದರೆ ನಾಲ್ಕರಲ್ಲಿ ಮೂವರು ದಡ ಸೇರಿದ್ದಾರೆ. ಅಮೆರಿಕದ ಲೆಕ್ಕ ನಮ್ಮ ನೆಲಕ್ಕೆ ನೇರವಾಗಿ ಹೊಂದುವುದಿಲ್ಲ. ನೆರೆಹೊರೆ, ನೆಂಟರು, ಮದುವೆಮನೆಯ ಪ್ರಶ್ನೆಗಳು ಇಲ್ಲಿ ಇನ್ನೊಂದು ಭಾರ. ಆದರೂ ಬೇರೆಯಾಗುವುದಕ್ಕಿಂತ ಮುಗಿಯದ ಜಗಳವೇ ಮಕ್ಕಳನ್ನು ಹೆಚ್ಚು ಸವೆಸುತ್ತದೆ ಎಂಬುದಕ್ಕೆ ನನ್ನ ತರಗತಿಯ ಬೆಂಚುಗಳೇ ಸಾಕ್ಷಿ ಹೇಳುತ್ತವೆ.

ಮಕ್ಕಳ ಮಾತು ಕೇಳುವ ವಿಚಾರದಲ್ಲಿ ಕಾನೂನು ನಮ್ಮ ಮನೆಗಳಿಗಿಂತ ಮುಂದಿದೆ. 1890ರಷ್ಟು ಹಳೆಯ ಪೋಷಕರು ಮತ್ತು ಪಾಲ್ಯರ ಕಾಯ್ದೆ, ತಿಳಿದು ಹೇಳುವಷ್ಟು ಬೆಳೆದ ಮಗುವಿನ ಇಚ್ಛೆಯನ್ನು ನ್ಯಾಯಾಲಯ ಗಮನಿಸಬಹುದು ಎನ್ನುತ್ತದೆ. ಅನೇಕ ನ್ಯಾಯಾಧೀಶರು ಮಗುವನ್ನು ತಮ್ಮ ಕೊಠಡಿಗೆ ಕರೆದು, ವಕೀಲರಿಲ್ಲದೆ ಮಾತಾಡುತ್ತಾರೆ. ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಮಾತು ಕೇಳಬೇಕೆಂಬ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿತು. ಕೇಳುವುದೆಂದರೆ ತೀರ್ಮಾನದ ಹೊಣೆಯನ್ನು ಹೊರಿಸುವುದಲ್ಲ. ‘ಅಪ್ಪ ಬೇಕಾ, ಅಮ್ಮ ಬೇಕಾ’ ಎಂದು ಕೇಳುವುದಕ್ಕಿಂತ ದೊಡ್ಡ ಕ್ರೌರ್ಯ ನನಗೆ ತೋಚುವುದಿಲ್ಲ. ಯಾವ ಶಾಲೆಗೆ ಹೋಗುತ್ತೀ, ಭಾನುವಾರ ಎಲ್ಲಿರಬೇಕು ಅನ್ನಿಸುತ್ತದೆ, ನಾಯಿಮರಿ ಯಾರ ಮನೆಯಲ್ಲಿರಲಿ? ಮಗು ಉತ್ತರಿಸಬಲ್ಲ ಪ್ರಶ್ನೆಗಳೆಂದರೆ ಇವು.

ಇನ್ನು ಆಯ್ಕೆಯ ವಿಷಯ. ಸೈನ್ಸ್ ತೆಗೆದುಕೊಳ್ಳದಿದ್ದರೆ ಬದುಕಿನ ಬಾಗಿಲೇ ಮುಚ್ಚಿತು ಎಂದು ಹೆದರಿಸುವುದೂ ಸತ್ಯವನ್ನು ಮುಚ್ಚಿಡುವ ಇನ್ನೊಂದು ಬಗೆ. ಕಾಮರ್ಸ್ ಹಿಡಿದವರು ಮುಂದೆ ಎಂಜಿನಿಯರಿಂಗ್, ವೈದ್ಯಕೀಯಕ್ಕೆ ಹೋಗಲಾರರು ಎಂಬುದು ನಿಜ, ಅದನ್ನು ಹೇಳಲೇಬೇಕು. ಪಿಯುಸಿಯಲ್ಲಿ ಏನೇ ಓದಿರಲಿ ಐದು ವರ್ಷದ ಕಾನೂನು ಪದವಿ, ಸಿಎ, ಪತ್ರಿಕೋದ್ಯಮ ತೆರೆದೇ ಇರುತ್ತವೆ. ಹತ್ತರ ನಂತರ ಡಿಪ್ಲೊಮಾ ಮಾಡಿದವರು ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಇದನ್ನೂ ಅದರ ಜೊತೆಗೇ ಹೇಳಬೇಕಲ್ಲವೇ? ಯಾವ ಬಾಗಿಲು ಮುಚ್ಚುತ್ತದೆ, ಯಾವುದು ಮುಚ್ಚುವುದಿಲ್ಲ ಎಂದು ತಿಳಿದಾಗ ಹದಿನೈದರ ಹುಡುಗಿಯ ಎದೆಬಡಿತ ಎಷ್ಟು ಇಳಿಯುತ್ತದೆಂಬುದನ್ನು ಪ್ರವೇಶದ ಮೇಜಿನ ಹಿಂದೆ ಕೂತವರು ಬಲ್ಲರು.

ಆ ಮೇಜಿನ ಹಿಂದೆ ಕೂತಿದ್ದಾಗಲೇ ಒಬ್ಬಳು ಬಂದಳು. 625ಕ್ಕೆ 598. ಅರ್ಜಿಯಲ್ಲಿ ಮೊದಲ ಆಯ್ಕೆ ಕಲಾ ವಿಭಾಗದ ಎಚ್‌ಇಪಿಎಸ್. ಇತಿಹಾಸ ಇಷ್ಟವೇನಮ್ಮಾ ಎಂದು ಖುಷಿಯಿಂದಲೇ ಕೇಳಿದೆ. ‘ಹೂಂ ಸಾರ್’ ಎಂದಳು, ಉಗುರಿನಿಂದ ಅಂಕಪಟ್ಟಿಯ ಪ್ಲಾಸ್ಟಿಕ್ ಕವರಿನ ಅಂಚನ್ನು ಕೆರೆಯುತ್ತಿದ್ದಳು. ಹಿಂದೆ ನಿಂತಿದ್ದ ತಂದೆ, ‘ಅವಳಿಗೆ ಲ್ಯಾಬು ಗೀಬು ಅಂದ್ರೆ ಆಗಲ್ಲ ಸಾರ್, ಅವಳಿಷ್ಟ’ ಎಂದರು. ತಂದೆ ಜೆರಾಕ್ಸಿಗೆ ಹೋದಾಗ ಕೇಳಿದೆ. ನಾಲ್ಕು ತಿಂಗಳಿಂದ ಅಪ್ಪ ಬೆಳಗ್ಗೆ ಡಬ್ಬಿ ಹಿಡಿದು ಹೊರಡುತ್ತಾರೆ, ಆದರೆ ಫ್ಯಾಕ್ಟರಿಯ ಬಸ್ಸು ಹತ್ತುವುದಿಲ್ಲ ಎಂದಳು. ಪಾರ್ಕಿನಲ್ಲಿ ಕೂತದ್ದನ್ನು ಗೆಳತಿ ನೋಡಿದ್ದಳಂತೆ. ಕೆಲಸ ಹೋಗಿದೆ ಎಂದು ಅವಳಿಗೆ ಗೊತ್ತು, ಅವಳಿಗೆ ಗೊತ್ತಿದೆ ಎಂದು ಅವರಿಗೆ ಗೊತ್ತಿಲ್ಲ. ಮನೆಯಲ್ಲಿ ಫೀಸಿನ ಮಾತೇ ಬರದ ಹಾಗೆ ಅವಳು ಇತಿಹಾಸವನ್ನು ಆರಿಸಿಕೊಂಡಿದ್ದಳು. ಇತಿಹಾಸದ ಮೇಲಿನ ಪ್ರೀತಿಯಿಂದ ಬರುವವರು ನನಗೆ ಪ್ರಾಣ. ಇವಳು ಹಾಗೆ ಬಂದಿರಲಿಲ್ಲ.

ತಂದೆ ವಾಪಸು ಬಂದಮೇಲೆ ಇಬ್ಬರನ್ನೂ ಸ್ಟಾಫ್ ರೂಮಿನಲ್ಲಿ ಕೂರಿಸಿ, ಸರ್ಕಾರಿ ಕಾಲೇಜಿನ ವಿಜ್ಞಾನದ ಫೀಸು ಎಷ್ಟು, ಯಾವ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟು ಹೊರಗೆ ಬಂದೆ. ಒಳಗೆ ಏನು ಮಾತಾಡಿಕೊಂಡರೋ ತಿಳಿಯದು. ಅರ್ಧ ಗಂಟೆಯ ಮೇಲೆ ಹೊರಬಂದಾಗ ಡಬ್ಬಿಯ ಚೀಲ ಮಗಳ ಕೈಯಲ್ಲಿತ್ತು. ಅರ್ಜಿಯ ಮೊದಲ ಸಾಲಿನಲ್ಲಿ ಪಿಸಿಎಂಬಿ ಎಂದು ಬರೆದಿತ್ತು. ತಾವು ಮುಚ್ಚಿಟ್ಟದ್ದಕ್ಕೆ ಬಹಳ ಪ್ರೀತಿಯ ಕಾರಣವಿತ್ತು ಎಂದು ಆ ತಂದೆ ಅಂದುಕೊಂಡಿರಬೇಕು. ಅವಳಿಗೂ ಅಷ್ಟೇ ಪ್ರೀತಿಯ ಕಾರಣವಿತ್ತು.

ಹದಿನಾರು ತುಂಬಿದ ಮಗನನ್ನು ಗೆಳೆಯನಂತೆ ಕಾಣಬೇಕು ಎಂಬ ಹಳೆಯ ಮಾತು ನಮ್ಮ ಹಿರಿಯರ ಬಾಯಲ್ಲೇ ಇತ್ತು. ಮಗಳ ಹೆಸರೆತ್ತದಿದ್ದರೂ ಮಾತು ಒಳ್ಳೆಯದು. ಆದರೆ ಆಚರಣೆಗೆ ಬರಲಿಲ್ಲ. ಕೂಡುಕುಟುಂಬದಲ್ಲಿ ಅಜ್ಜಿಯ ಮಡಿಲೋ ಸೋದರಮಾವನ ಹೆಗಲೋ ಇತ್ತು ಎಂದು ಹಲಬುತ್ತೇವೆ. ಇತ್ತು, ನಿಜ. ಅದೇ ಕೂಡುಕುಟುಂಬ ಮಕ್ಕಳ ಮುಂದೆ ಬಾಯಿ ಹೊಲಿದುಕೊಂಡದ್ದೂ ನಿಜ. ಅನಂತಮೂರ್ತಿಯವರ ‘ಘಟಶ್ರಾದ್ಧ’ದಲ್ಲಿ, 1977ರಲ್ಲಿ ಗಿರೀಶ ಕಾಸರವಳ್ಳಿ ಅದನ್ನು ಸಿನಿಮಾ ಮಾಡಿದಾಗಲೂ, ನಮ್ಮನ್ನು ಕಾಡುವುದು ಎಲ್ಲವನ್ನೂ ನೋಡುತ್ತಿರುವ ಆ ಹುಡುಗನ ಕಣ್ಣು. ಅವನಿಗೆ ಯಾರೂ ಏನನ್ನೂ ಬಿಡಿಸಿ ಹೇಳುವುದಿಲ್ಲ.

ಎರಡು ವರ್ಷದ ಹಿಂದೆ ನನ್ನ ಮಗಳ ಹತ್ತನೇ ಕ್ಲಾಸಿನ ಪರೀಕ್ಷೆಗೆ ಇಪ್ಪತ್ತು ದಿನ ಇದ್ದಾಗ ನನ್ನ ಅಮ್ಮನ ಬಯಾಪ್ಸಿ ವರದಿ ಬಂತು. ಪರೀಕ್ಷೆ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದರು ಮನೆಯವರೆಲ್ಲ. ನಾನೂ ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಅವಳು ಓದುವ ಮೇಜಿನ ಮುಂದೆ ಪುಟ ತಿರುಗಿಸದೆ ಕೂತದ್ದು ನೋಡಿ, ಆ ಹೆಸರು ಹಾಕುವವನ ಟಿಕ್ ಟಿಕ್ ನೆನಪಾಯಿತು. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಎಲ್ಲವನ್ನೂ ಹೇಳಿದೆ: ಅಜ್ಜಿಗೆ ಕ್ಯಾನ್ಸರ್, ಆಪರೇಷನ್ ಏಪ್ರಿಲ್‌ನಲ್ಲಿ, ಗುಣವಾಗುವ ಸಾಧ್ಯತೆ ಇದೆ ಎಂದಿದ್ದಾರೆ, ಖಚಿತವಾಗಿ ಗೊತ್ತಿಲ್ಲ. ಅವಳು ಅಳಲಿಲ್ಲ. ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ತೆಗೆದು ಹಾಕಿ ಮಾಡಿದಳು. ಆಮೇಲೆ ಕೇಳಿದಳು: ‘ಅಜ್ಜಿಗೆ ಹೇಳಿದ್ದೀರಾ?’

ಹೇಳಿರಲಿಲ್ಲ. ಅಮ್ಮನಿಗೆ ಗ್ಯಾಸ್ಟ್ರಿಕ್ ಎಂದು ಹೇಳಿದ್ದೆವು.

ಆ ಸಂಜೆ ನಾವಿಬ್ಬರೂ ಅಮ್ಮನ ಕೋಣೆಗೆ ಹೋದೆವು. ಮಗಳು ಬಾಗಿಲು ಹಾಕಲಿಲ್ಲ.